ಗೋಡೆಗೆ ಹೆಗಲು ತಾಗಿಸುವವನು

ಜೂನ್ ಒಂಬತ್ತು, ಸೋಮವಾರ ಬೆಳಿಗ್ಗೆ ಸೂಫಿಯಾ ರಾಯಚೂರಿನ ಸೈಬರ್ ಅಪರಾಧ ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಹಂಪಮ್ಮನವರ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟಳು. ಲಕ್ಷಾಂತರ ಜನ ಆಡುವ ಆನ್‌ಲೈನ್ ಆಟವೊಂದರ ಕಂಪನಿಗೆ ಅವಳು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಆಟದ ಹೊಸ ಭಾಗ ಜನರಿಗೆ ಸಿಗುವ ಮೊದಲು ಅವಳು ಬರೆದ ಪ್ರೋಗ್ರಾಂ ನೂರಾರು ನಕಲಿ ಆಟಗಾರರನ್ನು ಓಡಿಸಿ, ಎಲ್ಲಿ ದೋಷವಿದೆ ಎಂದು ಹುಡುಕುತ್ತಿತ್ತು.

"ಆ ಟೆಸ್ಟ್ ಸರ್ವರಿನಾಗ ಮನಷ್ಯಾರು ಯಾರೂ ಇರಬಾರದ್ರೀ ಮೇಡಂ. ಒಬ್ಬಾಂವ ಅದಾನ."

ಒಬ್ಬ ಆಟಗಾರ ಪ್ರೋಗ್ರಾಂ ಹೇಳಿದಂತೆ ನಡೆಯದೆ ಉಳಿದವರನ್ನು ಬೆನ್ನಟ್ಟಿ ಕೊಲ್ಲುತ್ತಿದ್ದ. ಹಿಂದಿನ ದಿನ ಪರದೆಯ ಮೇಲೆ ಬರೆದಿದ್ದ: ಹಸಿರು ದುಪಟ್ಟಾ ಚಂದ ಅದ, ಸೂಫಿಯಾ. ಆಗ ಅವಳು ಹಸಿರು ದುಪಟ್ಟಾ ಹೊದ್ದು ತನ್ನ ಮನೆಯ ಕಿಟಕಿಯ ಬಳಿ ಕುಳಿತಿದ್ದಳು.

ಎಫ್‌ಐಆರ್ ದಾಖಲಾಯಿತು. ಕಂಪನಿ ಕೊಟ್ಟ ಮಾಹಿತಿಯಂತೆ, ಅವನು ಸರ್ವರಿಗೆ ನುಗ್ಗಿದ ಮೊದಲ ದಿನಗಳ ಇಂಟರ್ನೆಟ್ ಸಂಪರ್ಕ ಮಾನ್ವಿಯ ಸೈಬರ್ ಸೆಂಟರೊಂದರದು. ಕಾನ್‌ಸ್ಟೆಬಲ್ ಜಿಲಾನಿ ಪಾಷಾ ಅಲ್ಲಿಗೆ ಹೋಗಿ ಪಂಚನಾಮೆ ಮಾಡಿಸಿದ. ಯಾರೋ ಒಬ್ಬ ತನ್ನದೇ ಲ್ಯಾಪ್‌ಟಾಪ್ ತಂದು ಕೂರುತ್ತಿದ್ದ, ಯಾರೊಡನೆಯೂ ಮಾತಾಡುತ್ತಿರಲಿಲ್ಲ, ಈಚೆಗೆ ಬಂದಿಲ್ಲ ಎಂದು ಮಾಲೀಕ ಅಬ್ದುಲ್ ವಹೀದ್ ಹೇಳಿದ. ಹೆಸರು ಗೊತ್ತಿರಲಿಲ್ಲ.

ಮರುದಿನ ಹಂಪಮ್ಮ ಸೂಫಿಯಾಳನ್ನು ಠಾಣೆಗೆ ಕರೆಸಿ ಪ್ರೋಗ್ರಾಂ ಓಡಿಸಲು ಹೇಳಿದರು. ಸ್ವಲ್ಪ ಹೊತ್ತಿಗೆ ಅವನು ಬಂದ. ಆ ಆಟಗಾರ ಪ್ರತಿ ಬಾಗಿಲ ಮುಂದೆ ನಿಂತು, ಎಡಗೋಡೆಗೆ ಒಮ್ಮೆ, ಬಲಗೋಡೆಗೆ ಒಮ್ಮೆ ಹೆಗಲು ತಾಗಿಸಿ, ಆಮೇಲೆ ಒಳಗೆ ಹೋಗುತ್ತಿದ್ದ.

ಸೂಫಿಯಾ ಕೀಬೋರ್ಡಿನಿಂದ ಕೈ ತೆಗೆದಳು. "ದುರುಗೇಶ್ ಸರ್."

ದೇವದುರ್ಗದ ದುರುಗೇಶ, ಕಂಪನಿಯ ರಾಯಚೂರು ಕಚೇರಿಯಲ್ಲಿ ಅವಳಿಗೆ ಕೆಲಸ ಕಲಿಸಿದವನು. ಗೋಡೆಯಲ್ಲಿ ತೂರಿಹೋಗುವ ದೋಷವಿದೆಯೇ ಎಂದು ಹಾಗೆ ನೋಡುವುದು ಅವನ ರೂಢಿ. ವರ್ಷಗಟ್ಟಲೆ ಕೈಯಿಂದಲೇ ಆಡಿ ಪರೀಕ್ಷಿಸಿದವನನ್ನು, ಆ ಕೆಲಸ ಪ್ರೋಗ್ರಾಂ ಮಾಡತೊಡಗಿದ ಮೇಲೆ ಕಂಪನಿ ತೆಗೆದುಹಾಕಿತ್ತು.

ಹಂಪಮ್ಮ ದೇವದುರ್ಗ ಠಾಣೆಗೆ ಫೋನ್ ಮಾಡಿದರು. ಅಲ್ಲಿಯ ಪೊಲೀಸರು ದುರುಗೇಶನ ಮನೆಗೆ ಹೋದಾಗ ತಾಯಿ ಭೀಮವ್ವ, ಮಗ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ರಾಯಚೂರಿಗೆ ಡ್ಯೂಟಿಗೆ ಹೋಗುತ್ತಾನೆ ಎಂದಳು. ಕೆಲಸ ಹೋದದ್ದು ಅವಳಿಗೆ ತಿಳಿದಿರಲಿಲ್ಲ.

ಅಷ್ಟರಲ್ಲಿ ಪರದೆಯ ಮೇಲೆ ಅಕ್ಷರಗಳು ಮೂಡಿದವು: ಎಲ್ಲಿ ಹೋದಿ? ಮನ್ಯಾಗ ನಿಮ್ಮಮ್ಮಿ ಒಬ್ಬಾಕಿನೇ ಅದಾಳಲ್ಲ.

ಸೂಫಿಯಾ ತಾಯಿಗೆ ಫೋನ್ ಮಾಡಿದಳು. ಮುನ್ನೀ ಬೀ ಎತ್ತಲಿಲ್ಲ. ಜೀಪು ಸೈರನ್ ಇಲ್ಲದೆ ಅವಳ ಮನೆಯ ಕಡೆ ಹೊರಟಿತು. ದಾರಿಯುದ್ದಕ್ಕೂ ಸೂಫಿಯಾ ಮತ್ತೆ ಮತ್ತೆ ಅದೇ ನಂಬರ್ ಒತ್ತುತ್ತಿದ್ದಳು. ಓಣಿಗೆ ತಿರುಗುವಾಗ ತಾಯಿಯ ದನಿ ಕೇಳಿಸಿತು, ನಮಾಜಿನಲ್ಲಿದ್ದಳಂತೆ. ಬಾಗಿಲು ಹಾಕಿಕೋ ಎಂದಳು ಸೂಫಿಯಾ.

ಸೂಫಿಯಾಳ ಮನೆಯ ಕಿಟಕಿಗೆ ಎದುರಾಗಿ ಅರ್ಧ ಕಟ್ಟಿದ ಮನೆಯೊಂದಿತ್ತು. ಅದರ ಮಹಡಿಯಲ್ಲಿ, ಸಿಮೆಂಟ್ ಚೀಲಗಳ ಮರೆಯಲ್ಲಿ ದುರುಗೇಶ ಲ್ಯಾಪ್‌ಟಾಪ್ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ. ಜಿಲಾನಿ ಪಾಷಾ ತೋಳು ಹಿಡಿದಾಗ ಕೊಸರಾಡಲಿಲ್ಲ.

ಠಾಣೆಯಲ್ಲಿ ಹಂಪಮ್ಮ ಕೇಳಿದರು. "ಯಾಕ ಮಾಡಿದಿ?"

"ಆಕಿ ಪ್ರೋಗ್ರಾಮಿನಾಗ ಇರೋದು ನನ್ನ ಆಟಾರೀ. ನಾ ಆಡೂದು ನೋಡೇ ಬರಕೊಂಡಾಳ." ತಲೆ ಬಗ್ಗಿಸಿಯೇ ಹೇಳಿದ. "ಮೊದಲಿಗೆ ಅಂಜಸಾಕ ಹೋಗಿದ್ದಿಲ್ಲ. ಹಳೇ ಪಾಸ್‌ವರ್ಡ್ ಇತ್ತು, ಒಳಗ ಹೋದೆ. ಯಾರರ ನನ್ನ ಗುರುತು ಹಿಡಿತಾರೇನಂತ ನೋಡಿದೆ. ಯಾರೂ ಹಿಡಿಲಿಲ್ಲ."

"ಆಕಿ ಹಿಡದಾಳ," ಎಂದರು ಹಂಪಮ್ಮ. "ಅದಕ್ಕ ನೀ ಇಲ್ಲಿ ಕುಂತೀದಿ."

ದುರುಗೇಶ ತಲೆ ಎತ್ತಿದ. ಬಂಧನದ ಸುದ್ದಿ ಯಾರಿಗೆ ತಿಳಿಸಬೇಕು ಎಂದು ಜಿಲಾನಿ ಪಾಷಾ ಕೇಳಿದ. ಅವನು ತಾಯಿಯ ಹೆಸರು ಹೇಳಿದ.