ಹೊರಗೆ ಬಿಟ್ಟ ಚಪ್ಪಲಿ

ಎಸಿ ನಿಲ್ಲಿಸಿದರೆ ಕಂಪ್ಯೂಟರ್‌ಗಳ ಸರ್ವರ್ ರೂಮು ಬಿಸಿಯೇರುತ್ತದೆ. ಹಿಂದೂಪುರದಲ್ಲಿ ಎಸಿ ರಿಪೇರಿ ಮಾಡಿಯೇ ಬದುಕುವ ನನಗೆ ಇಷ್ಟಾದರೂ ಗೊತ್ತು.

ಹೋದ ಮೇ ತಿಂಗಳಲ್ಲಿ ಕಲ್ಯಾಣದುರ್ಗದ ಒಂದು ಆಫೀಸಿನಿಂದ ಕರೆ ಬಂದಿತ್ತು. ಧೂಳು ಬರಬಾರದೆಂದು ಅಲ್ಲಿ ಚಪ್ಪಲಿಯನ್ನು ಬಾಗಿಲಾಚೆ ಬಿಸಿಲಲ್ಲೇ ಬಿಡಬೇಕು. ಬಿಟ್ಟೆ. ಆಪರೇಟರ್ ನರೇಂದ್ರ ನನ್ನನ್ನು ಒಳಗೆ ಕಳಿಸಿ, ತಂಪು ಸೋರದಿರಲೆಂದು ಬಾಗಿಲೆಳೆದು ಊಟಕ್ಕೆ ಹೋದ. ಎಳೆದರೆ ತಾನೇ ಬೀಗ ಬೀಳುವ, ಒಳಗಿನಿಂದಲೂ ಬೀಗದ ಕೈ ಇಲ್ಲದೆ ತೆರೆಯದ ಬಾಗಿಲು ಅದು.

ಎಸಿ ಆಫ್ ಮಾಡಿ ಬಿಚ್ಚಿದೆ. ಸೆಕೆ ಏರಬೇಕಿತ್ತು, ಚಳಿ ಏರಿತು. ನನ್ನ ಉಸಿರು ಹಬೆಯಾಗಿ ಕಾಣಿಸಿತು. ಸರ್ವರ್‌ಗಳ ಹಿಂದೆ ಯಾರೋ ಬರಿಗಾಲಲ್ಲಿ ಓಡಾಡುವ ಸದ್ದು. ಬಾಗಿಲು ಬಡಿದೆ.

"ಆಪರೇಟರ್ ಸಾರು ಒಳಗೇ ಅವ್ರಲ್ಲಣ್ಣ, ಬೀಗದ ಕೈ ಅವರತಾವೇ ಐತೆ" ಎಂದಳು ಹೊರಗೆ ಕಸ ಗುಡಿಸುತ್ತಿದ್ದ ಗಂಗಕ್ಕ.

"ಒಳಗೆ ನಾನೊಬ್ನೇ ಇರೋದು ಕಣಕ್ಕ!"

"ಎರಡು ಜೊತೆ ಚಪ್ಲಿ ಐತಲ್ಲಣ್ಣ ಇಲ್ಲಿ" ಎಂದವಳೇ ಹೊರಟುಹೋದಳು.

ನರೇಂದ್ರ ಬಂದು ಬಾಗಿಲು ತೆಗೆಯುವ ಹೊತ್ತಿಗೆ ನನ್ನ ಬೆರಳುಗಳು ಮರಗಟ್ಟಿದ್ದವು. ಅವನ ಚಪ್ಪಲಿ ಅವನ ಕಾಲಲ್ಲೇ ಇತ್ತು. ನನ್ನದು ಬಿಸಿಲಿಗೆ ಕಾಲಿಡಲಾಗದಷ್ಟು ಕಾದಿತ್ತು. ಅದಕ್ಕೆ ಅಂಟಿಕೊಂಡೇ ಇದ್ದ ಇನ್ನೊಂದು ಜೊತೆ ಯಾರದೆಂದು ಅವನಿಗೂ ಗೊತ್ತಿರಲಿಲ್ಲ. ಮುಟ್ಟಿ ನೋಡಿದೆ.

ಐಸಿನ ಹಾಗೆ ಕೊರೆಯುತ್ತಿತ್ತು.