ಕೆಂಪು ಕಾರಿನ ಮೇಲೆ ನೀಲಿ ಗೀರು

ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಮುಳಬಾಗಿಲು ಗ್ರಾಮಾಂತರ ಠಾಣೆಗೆ ಬಂದ ನಾರಾಯಣ ಅವರು ಕುರ್ಚಿ ತೋರಿಸಿದರೂ ಕೂರಲಿಲ್ಲ. ನಿವೃತ್ತ ಆಡಿಟರ್, ವಯಸ್ಸು ಎಪ್ಪತ್ತೊಂದು. ಹಿಂದೆಯೇ ಪತ್ನಿ ತಿರುಮಲಮ್ಮ ನಿಂತಿದ್ದರು.

“ನನ್ನ ಕಾರು ಕಳುವಾಗಿದೆ ಮೇಡಂ.”

ಇನ್‌ಸ್ಪೆಕ್ಟರ್ ಸುನಂದ ಅವರ ಮೊಬೈಲಿನಲ್ಲಿದ್ದ ಫೋಟೋ ನೋಡಿದರು. ಟೊಮ್ಯಾಟೊ ಕೆಂಪಿನ ಉದ್ದನೆಯ ಕಾರು. ಛಾವಣಿ ಹಿಂದಕ್ಕೆ ಮಡಚಿತ್ತು. ಹಿಂಭಾಗದಲ್ಲಿ ಮೀನಿನ ರೆಕ್ಕೆಯಂಥ ಎರಡು ಮೊನೆ. ಐವತ್ತರ ದಶಕದ ಅಮೆರಿಕದ ಕಾರೊಂದರ ತದ್ರೂಪು ಅದು. ಮಾಲೂರಿನ ಗ್ಯಾರೇಜಿನವರು ಹೊಸದಾಗಿ ಕಟ್ಟಿದ್ದು. ಒಳಗೆ ಈ ಕಾಲದ ಎಂಜಿನ್, ಹೊರಗೆ ಆ ಕಾಲದ ಮೈ. ಸಂಕ್ರಾಂತಿಗೆ ಮನೆಗೆ ಬಂದಿತ್ತು.

“ಅಂದ್ರೆ ನಿಜವಾದ ಹಳೇ ಕಾರಲ್ಲ,” ಎಂದರು ಹೆಡ್ ಕಾನ್‌ಸ್ಟೆಬಲ್ ಶ್ರೀನಿವಾಸಪ್ಪ.

“ನಿಜವಾದ್ದನ್ನ ತರೋಕೆ ನನ್ನಂಥವನ ಕೈಲಾಗುತ್ತಾ? ನನಗೆ ಇದೇ ನಿಜ.”

“ಯಾವಾಗ ಹೋಯ್ತು?”

“ನಿನ್ನೆ ಮಧ್ಯಾಹ್ನ. ನಾವು ಕೋಲಾರಕ್ಕೆ ನಿಶ್ಚಿತಾರ್ಥಕ್ಕೆ ಹೋಗಿದ್ವಿ. ಬಸ್ಸಲ್ಲಿ.”

“ಕಾರಿದ್ದೂ ಬಸ್ಸಲ್ಲಿ?”

“ಇವಳು ಗಾಳಿ ಆಗಲ್ಲ ಅಂತ ಹಟ ಮಾಡಿದ್ಲು.”

ತಿರುಮಲಮ್ಮ ಸೆರಗು ಸರಿಮಾಡಿಕೊಂಡರು. ವಾಹನ ಕಳವು ಎಂದು ಎಫ್‌ಐಆರ್ ದಾಖಲಾಯಿತು.

ಸ್ಥಳ ಪಂಚನಾಮೆಯಲ್ಲಿ ಹೆಚ್ಚೇನೂ ಸಿಗಲಿಲ್ಲ. ಶೆಡ್ಡಿನ ಬೀಗ ಒಡೆದಿರಲಿಲ್ಲ, ಕೀಲಿಯಿಂದಲೇ ತೆಗೆದಿದ್ದರು. ಕಾರಿನ ಇನ್ನೊಂದು ಕೀಲಿ ಬೀರುವಿನಲ್ಲಿ ಇರಲಿಲ್ಲ.

“ಮನೆಗೆ ಬಂದುಹೋಗೋರು ಯಾರ್ಯಾರು?”

“ಡ್ರೈವರ್ ವೆಂಕಟ್ ಇದ್ದ. ಹಳೇ ಕಾರಿನ ಕಾಲದಿಂದ. ಇದು ಬಂದ್ಮೇಲೆ ಇನ್ನು ನಾನೇ ಓಡಿಸ್ತೀನಿ ಅಂತ ಕಳಿಸ್ಬಿಟ್ಟೆ. ಅವನು ಅಂಥವನಲ್ಲ.”

ಅಂಥ ಕಾರನ್ನು ಕದ್ದು ಯಾರ ಕಣ್ಣಿಗೂ ಬೀಳದೆ ಹೋಗುವುದು ಆಗದ ಮಾತು. ಬೈಪಾಸಿನ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಅದು ಕೋಲಾರದ ಕಡೆ ಹೋಗಿದ್ದು ಕಂಡಿತು. ಓಡಿಸುತ್ತಿದ್ದವನು ಮುಖಕ್ಕೆ ಟವೆಲ್ ಸುತ್ತಿದ್ದ. ರಸ್ತೆಯುಬ್ಬು ಬಂದಾಗ ಕಾರನ್ನು ಪೂರ್ತಿ ನಿಧಾನಿಸಿ, ಒಂದೊಂದೇ ಗಾಲಿ ಇಳಿಸುತ್ತಿದ್ದ.

“ಕದ್ದೋನು ಹಿಂಗೆ ಓಡಿಸ್ತಾನಾ ಮೇಡಂ? ಬಾಣಂತೀನ ಕರ್ಕೊಂಡು ಹೋದಂಗೆ ಹೋಗ್ತಾವ್ನೆ,” ಎಂದರು ಶ್ರೀನಿವಾಸಪ್ಪ.

ಮಂಗಳವಾರ ಹುತ್ತೂರಿನ ಹತ್ತಿರ ವೆಂಕಟ್‌ನ ರೇಷ್ಮೆ ಹುಳು ಮನೆಯಲ್ಲಿ ಕಾರು ಸಿಕ್ಕಿತು. ತೊಳೆದು ಒರೆಸಿ, ಮೇಲೆ ಟಾರ್ಪಾಲು ಹೊದಿಸಿ, ಬ್ಯಾಟರಿಯ ವೈರು ಕಳಚಿಟ್ಟಿದ್ದ. ವೆಂಕಟ್ ಓಡಲಿಲ್ಲ. ಕೈಯಲ್ಲಿದ್ದ ಹಿಪ್ಪುನೇರಳೆ ಸೊಪ್ಪನ್ನು ಕೆಳಗಿಟ್ಟು ನಿಂತ.

“ಯಾರಿಗೆ ಮಾರೋಕೆ?”

“ಯಾರಿಗೂ ಇಲ್ಲ ಮೇಡಂ.”

“ಕೀಲಿ ಯಾರು ಕೊಟ್ರು?”

“ನಾನೇ ತಗೊಂಡೆ. ನನ್ನ ಮೇಲೇ ಬರ್ಕೊಳ್ಳಿ.”

ಜಪ್ತಿ ಪಂಚನಾಮೆ ಬರೆಸುವಾಗ ಸುನಂದ ಕಾರಿನ ಎಡ ಮುಂಭಾಗದ ಬಳಿ ಬಗ್ಗಿ ನೋಡಿದರು. ಹೆಡ್‌ಲೈಟಿನ ಕೆಳಗೆ ಅಂಗೈಯಗಲ ನೆಗ್ಗಿತ್ತು. ನೆಗ್ಗಿದಲ್ಲಿ ನೀಲಿ ಬಣ್ಣದ ಗೀರು.

“ಇದೇನು?”

ಅದುವರೆಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ ವೆಂಕಟ್ ಆಗ ಬಾಯಿ ಮುಚ್ಚಿದ.

ಅವನನ್ನು ವಿಚಾರಣೆಗೆ ಠಾಣೆಗೆ ಕರೆತಂದರು. ಶ್ರೀನಿವಾಸಪ್ಪ ಹೆದ್ದಾರಿ ಬದಿಯ ಊರುಗಳಲ್ಲಿ, ಕೆಂಪು ಕಾರು ಯಾರಿಗಾದರೂ ಗುದ್ದಿತ್ತೇ ಎಂದು ಕೇಳುತ್ತಾ ಹೋದರು. ದೇವರಾಯಸಮುದ್ರದಲ್ಲಿ ಶಿವಾನಿ ಎಂಬ ಎಂಟನೇ ತರಗತಿಯ ಹುಡುಗಿಯ ಕೈಗೆ ಪ್ಲಾಸ್ಟರ್ ಹಾಕಿತ್ತು. ಅವಳ ನೀಲಿ ಸೈಕಲ್ಲಿಗೆ ಹೊಸ ಚಕ್ರ ಬಂದಿತ್ತು.

ಬುಧವಾರ ಸುನಂದ ತಾವೇ ಹೋದರು. ತಾಯಿ ಗಂಗರತ್ನಮ್ಮ ಮೊದಲು, ಮಗಳು ಕೆರೆ ಏರಿ ಮೇಲೆ ಬಿದ್ದಳು ಎಂದೇ ಹೇಳಿದಳು. ಆಮೇಲೆ ಅತ್ತಳು.

“ಹೋದ ವಾರ ಕೆಂಪು ಕಾರು ಗುದ್ದಿ ಹಂಗೇ ಹೋಯ್ತಂತೆ ಮೇಡಂ. ಮಾರನೇ ದಿನ ಒಬ್ಬ ಅಮ್ಮ ಡ್ರೈವರ್‌ನ ಕರ್ಕೊಂಡು ಬಂದ್ರು. ನನ್ನ ಕಾಲು ಹಿಡ್ಕೊಂಬಿಟ್ರು. ಅಷ್ಟು ದೊಡ್ಡೋರು! ಆಸ್ಪತ್ರೇದೆಲ್ಲ ಅವರೇ ನೋಡ್ಕೊಂಡ್ರು. ಆ ಕಾರು ಇನ್ಮೇಲೆ ರೋಡಿಗೆ ಬರಲ್ಲ ಅಂತ ಮಾತು ಕೊಟ್ಟು ಹೋದ್ರು.”

ಅದೇ ಮಧ್ಯಾಹ್ನ ದಂಪತಿಯನ್ನು ಠಾಣೆಗೆ ಕರೆಸಿದರು. ಮೂಲೆಯ ಬೆಂಚಿನಲ್ಲಿ ವೆಂಕಟ್ ಇದ್ದದ್ದನ್ನು ಕಂಡದ್ದೇ ತಿರುಮಲಮ್ಮನವರಿಗೆ ತಡೆಯಲಾಗಲಿಲ್ಲ.

“ಅವನನ್ನ ಬಿಡಿ. ಕೀಲಿ ಕೊಟ್ಟು ಕಳಿಸಿದ್ದು ನಾನು.”

“ವದ್ದಮ್ಮಾ, ಮೀರು ಊರುಕೋಂಡಿ,” ಎಂದು ವೆಂಕಟ್ ತೆಲುಗಿನಲ್ಲಿ ತಡೆಯಲು ನೋಡಿದ. ಅವರು ನಿಲ್ಲಿಸಲಿಲ್ಲ.

ನಾರಾಯಣ ಹೆಂಡತಿಯ ದನಿ ಬಂದ ಕಡೆ ತಿರುಗಿದರು. “ನೀನಾ? ಯಾಕೆ?”

“ದೇವರಾಯಸಮುದ್ರದ ಹತ್ರ ಕಲ್ಲಿಗೆ ತಗುಲ್ತು ಅಂದ್ರಲ್ಲ, ಅದು ಕಲ್ಲಲ್ಲ ಕಣ್ರೀ. ನಿಲ್ಸಿ ನಿಲ್ಸಿ ಅಂತ ಕೂಗಿದೆ. ಗಾಳಿಗೆ ನಿಮಗೆ ಕೇಳಿಸ್ಲಿಲ್ಲ. ಹಿಂದೆ ತಿರುಗಿ ನೋಡಿದ್ರೆ ಒಂದು ಮಗು ಮೋರಿಯಿಂದ ಎದ್ದು ನಿಲ್ತಾ ಇತ್ತು.”

ಸುನಂದ ಮೆಲ್ಲಗೆ ಕೇಳಿದರು:

“ಇದನ್ನ ಅವತ್ತೇ ಹೇಳಬಹುದಿತ್ತಲ್ಲ ಅಮ್ಮ?”

“ಕಾರು ಹೋದ್ರೆ ಕಳ್ಳನ್ನ ಬೈಕೊಂಡು ಇರ್ತಾರೆ. ಮಗೂಗೆ ಗುದ್ದಿದೆ ಅಂತ ಗೊತ್ತಾದ್ರೆ ತಮ್ಮನ್ನೇ ಬೈಕೊಂಡು ಸಾಯ್ತಾರೆ. ಅದಕ್ಕೇ.”

ಸುನಂದ ನಾರಾಯಣರ ಕಡೆ ತಿರುಗಿದರು. “ಸರ್, ನಿಮಗೆ ಎಷ್ಟು ಕಾಣುತ್ತೆ?”

ನಾರಾಯಣ ಕನ್ನಡಕ ತೆಗೆದು ಮಡಚಿದರು. “ನಿಮ್ಮ ಮುಖ ಕಾಣಲ್ಲ. ಸುತ್ತ ಇರೋದು ಕಾಣುತ್ತೆ, ಮಧ್ಯದ್ದು ಕಾಣಲ್ಲ. ಹೋದ ವರ್ಷ ಕೋಲಾರದ ಡಾಕ್ಟರು ಪರೀಕ್ಷೆ ಮಾಡಿ, ಇದು ವಾಸಿಯಾಗಲ್ಲ, ಇನ್ನು ಗಾಡಿ ಮುಟ್ಟಬೇಡಿ ಅಂದ್ರು. ಅಲ್ಲಿಂದ ಹೊರಟವನು ಸೀದಾ ಮಾಲೂರಿಗೆ ಹೋಗಿ ಕಾರಿಗೆ ಅಡ್ವಾನ್ಸ್ ಕೊಟ್ಟೆ.”

ತಿರುಮಲಮ್ಮ ಬೆಚ್ಚಿದರು. ಡಾಕ್ಟರ ಮಾತು ಅವರಿಗೂ ಗೊತ್ತಿರಲಿಲ್ಲ.

“ನಮ್ಮಪ್ಪ ಕೆಜಿಎಫ್ ಗಣಿ ಆಫೀಸಲ್ಲಿ ಗುಮಾಸ್ತ. ಅಲ್ಲೊಬ್ಬ ಎಂಜಿನಿಯರ್ ಹತ್ರ ಇಂಥ ಕಾರಿತ್ತು. ಒಂದಿನ ನಮ್ಮನ್ನೆಲ್ಲ ಕೂರಿಸ್ಕೊಂಡು ಒಂದು ಸುತ್ತು ಹಾಕ್ಸಿದ್ರು. ತಲೆ ಮೇಲೆ ಪೂರಾ ಆಕಾಶ. ಕಣ್ಣು ಹೋಗೋದ್ರೊಳಗೆ ಒಂದ್ಸಲ ನಾನೇ ಓಡಿಸ್ಬೇಕು ಅನ್ನಿಸ್ತು. ಒಂದ್ಸಲ ಓಡಿಸಿದ್ಮೇಲೆ ಬಿಡೋಕಾಗ್ಲಿಲ್ಲ.” ಕೊನೆಗೆ ಕೇಳಿದರು: “ಆ ಮಗು ಹೇಗಿದೆ?”

“ಕೈ ಮೂಳೆ ಮುರಿದಿದೆ. ಕೂಡಿಕೊಳ್ಳುತ್ತೆ.”

ಗಂಗರತ್ನಮ್ಮನ ಹೇಳಿಕೆಯ ಮೇಲೆ ನಿರ್ಲಕ್ಷ್ಯದ ಚಾಲನೆಗೆ ಇನ್ನೊಂದು ಎಫ್‌ಐಆರ್ ದಾಖಲಾಯಿತು. ಕಳವಿನ ದೂರು ಕೊಟ್ಟವರೇ ಆರೋಪಿಯಾದರು. ಕಳವು ಪ್ರಕರಣವನ್ನು ಮುಗಿಸಲು ಕೋರ್ಟಿಗೆ ಬಿ ರಿಪೋರ್ಟ್ ಸಲ್ಲಿಸಲು ತೀರ್ಮಾನಿಸಿ ವೆಂಕಟ್‌ನನ್ನು ಮನೆಗೆ ಕಳಿಸಿದರು. ಅವನು ಹೋಗಲಿಲ್ಲ, ಠಾಣೆಯ ಮೆಟ್ಟಿಲ ಮೇಲೆ ಕೂತ. ನಾರಾಯಣರ ಜಾಮೀನಿಗೆ ಅವನೇ ನಿಂತ.

ನಾರಾಯಣ ಅವರನ್ನು ಬಂಧಿಸಿ, ಜಾಮೀನಿನ ಮೇಲೆ ಅಂದೇ ಬಿಡುವುದೆಂದಾಯಿತು. ಶ್ರೀನಿವಾಸಪ್ಪ ಬಂಧನದ ಮೆಮೋ ಮುಂದಿಟ್ಟು ಪೆನ್ನು ಕೊಟ್ಟರು. ನಾರಾಯಣರ ಕೈ ಹಾಳೆಯ ಮೇಲೆ ಅತ್ತಿತ್ತ ತಡಕಾಡಿತು. ತಿರುಮಲಮ್ಮ ಹತ್ತಿರ ಬಂದು, ಗಂಡನ ಬೆರಳನ್ನು ಹಿಡಿದು ಸರಿಯಾದ ಜಾಗದಲ್ಲಿಟ್ಟರು.

“ಇಲ್ಲಿ,” ಎಂದರು.