ಹತ್ತನೆಯ ಪೆಟ್ಟು

ತೊಮಾಸಾ ಪಕ್ಕದ ಮನೆಯ ಬಾಗಿಲು ತಟ್ಟಿದ್ದು ಜಗಳಕ್ಕೆಂದೇ. ಅಪ್ಪ ತೀರಿಕೊಂಡು ಇನ್ನೂ ಎಂಟು ತಿಂಗಳು. ಮನೆಯ ಟೀವಿಗೆ ಬಟ್ಟೆ ಹೊದಿಸಿದ್ದಾರೆ, ರೇಡಿಯೋ ಬೀರು ಸೇರಿದೆ, ಅವಳಾಗಲಿ ಅಮ್ಮನಾಗಲಿ ಕಪ್ಪು ಬಿಟ್ಟು ಬೇರೆ ಬಣ್ಣ ಉಟ್ಟಿಲ್ಲ. ಹೆರೆಸ್ ಊರಿನ ಸಾಂತಿಯಾಗೊ ಕೇರಿಯ ಹಿತಾನೊ ಎಂಬ ಜಿಪ್ಸಿ ಜನರಲ್ಲಿ ಸೂತಕದ ಮನೆಯೆಂದರೆ ಹಾಡಿಲ್ಲ, ಕುಣಿತವಿಲ್ಲ, ಚಪ್ಪಾಳೆಯೂ ಇಲ್ಲ. ಗೋಡೆಯಾಚೆಯವರೂ ಅದಕ್ಕೆ ಮರ್ಯಾದೆ ಕೊಡಬೇಕು. ಹಾಗಿರುವಾಗ ಈ ಬಸ್ತಿಯಾನ್ ದಿನಾ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಗಿಟಾರ್ ಹಿಡಿದು ಕೂರುತ್ತಾನೆಂದರೆ ಎಷ್ಟು ಕೊಬ್ಬಿರಬೇಕು?

ಅವನು ಬಾಗಿಲು ತೆಗೆದ. ಕೈಯಲ್ಲಿ ಗಿಟಾರ್ ಇತ್ತು. ತಂತಿಗಳ ಕೆಳಗೆ ಹಳೇ ಕರವಸ್ತ್ರವೊಂದನ್ನು ತುರುಕಿದ್ದ. ಮೀಟಿದರೆ ನಾದ ಬರುವಂತಿರಲಿಲ್ಲ, ಬರೀ ಟಕ್ ಟಕ್.

“ನಿಮ್ಮಪ್ಪ ರಾಮೋನ್ ಮಾವ ಹೋದ ದಿನ ತುರುಕಿದ ಬಟ್ಟೆ ಇದು, ಇನ್ನೂ ತೆಗೆದಿಲ್ಲ,” ಎಂದ. “ಆದ್ರೂ ಕೇಳಿಸ್ತಾ?”

“ಕೇಳಿಸ್ತು. ನಾಚಿಕೆ ಆಗಲ್ವಾ ನಿಂಗೆ?”

“ಶುರು ಮಾಡಿದ್ದು ನಾನಲ್ಲ ಕಣೇ. ನೀನು.”

ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ದಿನಾ ಮೂರು ಗಂಟೆಗೆ ಅವಳ ಅಡುಗೆಮನೆಯ ಮೇಜಿನ ಮೇಲೆ ಬೆರಳ ಗಂಟಿನ ಸದ್ದು ಕೇಳುತ್ತದೆ. ಅಪ್ಪಟ ಬುಲೆರಿಯ, ಹನ್ನೆರಡು ಪೆಟ್ಟಿನ ತಾಳ, ಒಂದು ಕೂದಲೆಳೆ ಆಚೀಚೆ ಇಲ್ಲ. ಆದರೆ ಹತ್ತನೆಯ ಪೆಟ್ಟಿಗೆ ಮುಗಿಯಬೇಕಾದದ್ದು ಒಂಬತ್ತಕ್ಕೇ ನಿಂತುಬಿಡುತ್ತದೆ.

“ಒಂಬತ್ತಕ್ಕೆ ನಿಲ್ಸಿ ಎದ್ದು ಹೋದ್ರೆ ಗೋಡೆ ಈಚೆಗಿರೋನ ಗತಿ ಏನು? ಊಟ ಸೇರಲ್ಲ. ಅದಕ್ಕೆ ಹತ್ತನೇದು ನಾನು ಹಾಕ್ತಿದ್ದೆ, ಅಷ್ಟೇ.”

ತೊಮಾಸಾಳ ಮುಖ ಕಿವಿಯ ತನಕ ಕೆಂಪಾಯಿತು. ಆ ಹೊತ್ತಿಗೆ ಅವಳು ಕಡಲೆಕಾಳು ಆರಿಸುತ್ತಾ ಕೂರುತ್ತಿದ್ದದ್ದು ನಿಜ. ಸೂತಕವನ್ನು ತನ್ನಷ್ಟು ಕಟ್ಟುನಿಟ್ಟಾಗಿ ಹಿಡಿದವರು ಕೇರಿಯಲ್ಲೇ ಇಲ್ಲವೆಂದುಕೊಂಡಿದ್ದಳು. ಅವಳ ಕೈ ಅವಳಿಗೇ ತಿಳಿಯದಂತೆ ದಿನಾ ಅದನ್ನು ಮುರಿಯುತ್ತಿತ್ತು. ಅವನು ಅವಳ ಕಣ್ಣು ಬಿಟ್ಟು ಬೆರಳುಗಳನ್ನೇ ನೋಡುತ್ತಿದ್ದ. ಕೈಯೆರಡನ್ನೂ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಮನೆಗೆ ಬಂದಳು.

ಮಾರನೆಯ ದಿನ ಮೇಜಿನ ಮೇಲೆ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಹಾಸಿದಳು. ಸದ್ದಾಗಬಾರದಲ್ಲ, ಅದಕ್ಕೆ. ಕಾಳು ಆರಿಸಿದಳು. ಬೆರಳು ತಾನಾಗಿ ಏಳತೊಡಗಿದ್ದು ಈ ಸಲ ಅವಳಿಗೆ ಗೊತ್ತಾಯಿತು, ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಒಂಬತ್ತಕ್ಕೆ ಬಂದು, ಬೇಕೆಂದೇ ಕೈ ಎತ್ತಿದಳು. ಅಷ್ಟು ಮೆತ್ತನೆಯ ಸದ್ದಿಗೂ ಗೋಡೆಯಾಚೆಯಿಂದ ಟಕ್ ಎಂದಿತು.

ಆಮೇಲೆ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಕೇರಿಯಲ್ಲಿ ಅವಳಷ್ಟು ಚೆನ್ನಾಗಿ ಕುಣಿಯುವವಳು ಇನ್ನೊಬ್ಬಳಿರಲಿಲ್ಲ. ಎಂಟು ತಿಂಗಳು ಸುಮ್ಮನಿದ್ದ ಕಾಲು ಈಗ ಕಸ ಗುಡಿಸುವಾಗಲೂ ತುಡಿಯುತ್ತಿತ್ತು. ಬ್ರೆಡ್ ಅಂಗಡಿಯ ಸಾಲಿನಲ್ಲಿ ಅವಳ ಹಿಂದೆ ನಿಂತ ಬಸ್ತಿಯಾನ್ ಗಾಜಿನ ಕಪಾಟಿನ ಮೇಲೆ ಒಂದೇ ಒಂದು ಸಲ ಬೆರಳು ಬಡಿದು, ಏನೂ ಅರಿಯದವನಂತೆ ಬೀದಿ ನೋಡುತ್ತಿದ್ದ. ಅವಳು ತುಟಿ ಕಚ್ಚಿ ನಗು ಹಿಡಿಯುತ್ತಿದ್ದಳು. ಕಪ್ಪುಟ್ಟವಳು ಅಂಗಡಿಯಲ್ಲಿ ನಕ್ಕರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ.

ಮೂರಾಯಿತೆಂದರೆ ಅಮ್ಮ ಪೆಪಾ ನಡುಮನೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಅಡುಗೆಮನೆಯ ಬಾಗಿಲು ಮಾತ್ರ ತೆರೆದೇ ಇರಬೇಕು, ಸೆಕೆ ಎನ್ನುತ್ತಿದ್ದಳು. ಫೆಬ್ರವರಿಯಲ್ಲಿ ಎಂಥ ಸೆಕೆಯೋ ಏನೋ.

ಹೀಗಿರುವಾಗ ಸುದ್ದಿ ಬಂತು. ಬಸ್ತಿಯಾನ್‌ಗೆ ಟೋಕಿಯೋದಲ್ಲಿ ಕುಣಿತದ ತಂಡವೊಂದಕ್ಕೆ ಗಿಟಾರ್ ನುಡಿಸುವ ಕೆಲಸ ಸಿಕ್ಕಿದೆ, ಎರಡು ವರ್ಷಕ್ಕೆ, ಬರುವ ಭಾನುವಾರವೇ ಹೊರಡಬೇಕು.

ಶನಿವಾರ ಅವಳು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಅವನು ಬಂದ. ಅವನ ಬೀಳ್ಕೊಡುಗೆಗೆಂದು ನೆಂಟರೆಲ್ಲ ಆಚೆ ಬೀದಿಯಲ್ಲಿ ಸೇರಿದ್ದರು. ಅವನು ಅದನ್ನು ಬಿಟ್ಟು ಬಂದಿದ್ದ. ಸಾಲಾಗಿ ಒಣಹಾಕಿದ್ದ ಕಪ್ಪು ಬಟ್ಟೆಗಳ ಆಚೆ ಅವನು, ಈಚೆ ಅವಳು.

“ನಮ್ಮ ತಂಡಕ್ಕೆ ಕುಣಿಯೋಳು ಸಿಕ್ಕಿಲ್ಲ,” ಎಂದ.

“ಹುಡುಕ್ಕೋ.”

“ತೊಮಾಸಾ, ತಮಾಷೆ ಸಾಕು. ನೀನಿಲ್ದೆ ನಂಗೆ ಹತ್ತನೇ ಪೆಟ್ಟು ಎಲ್ಲಿ ಹಾಕ್ಬೇಕು ಅಂತಾನೂ ಗೊತ್ತಾಗಲ್ಲ. ನೀನಂದ್ರೆ ನಂಗೆ ಪ್ರಾಣ. ಬೆಳಗ್ಗೆ ಏಳಕ್ಕೆ ಬಸ್ಸು. ಬಂದುಬಿಡು.”

ಓಡಿಹೋಗುವುದು ಅವರಲ್ಲಿ ಹೊಸದೇನಲ್ಲ. ಮನೆಯವರು ನಾಲ್ಕು ದಿನ ಶಪಿಸಿ, ಐದನೆಯ ದಿನ ಮದುವೆಯಾಯಿತೆಂದು ಒಪ್ಪಿಕೊಳ್ಳುತ್ತಾರೆ. ಬಸ್ತಿಯಾನ್‌ನ ಅಜ್ಜಿಯೇ ಹಾಗೆ ಬಂದವಳು. ತೊಮಾಸಾಳ ಕಾಲು ಆಗಲೇ ಅರ್ಧ ಮೆಟ್ಟಿಲು ಇಳಿದಿತ್ತು ಎನ್ನಬೇಕು. ಒದ್ದೆ ಬಟ್ಟೆಯೊಂದನ್ನು ಹಿಂಡಿದಳು, ಕೊಡವಿದಳು, ಮತ್ತೆ ಹಿಂಡಿದಳು.

“ನಂಗೂ ನೀನಂದ್ರೆ ಪ್ರಾಣ,” ಎಂದಳು ಕೊನೆಗೆ. “ಆದ್ರೆ ನಂಗೆ ಕುಣಿಯೋದು ಕಲಿಸಿದ್ದು ಅಪ್ಪ. ಅವನ ವರ್ಷ ತುಂಬೋ ಮುಂಚೆ ಕುಣಿದ್ರೆ ನನ್ನ ಹೆಜ್ಜೆ ಏಳಲ್ಲ ಬಸ್ತಿಯಾನ್. ಅಂಥ ಕುಣಿತ ನಿಂಗೂ ಬೇಡ.”

ಅವನು ಬಟ್ಟೆಯ ಸಾಲು ದಾಟಿ ಈಚೆ ಬರಲಿಲ್ಲ. ಕೆಳಗಿಳಿದು ನೇರ ಪೆಪಾಳ ಹೊಸ್ತಿಲಿಗೆ ಹೋಗಿ, ಅತ್ತೆ, ಒಂದು ಮಾತು ಕೇಳಬೇಕಿತ್ತು ಎಂದ. ಪೆಪಾ ಕುರ್ಚಿಯಿಂದ ಏಳಲೇ ಇಲ್ಲ.

“ಈ ಮನೇಲಿ ಸೂತಕ ಇದೆ. ಹೆಣ್ಣು ಕೇಳೋ ಮಾತು ಈಗ ಇಲ್ಲಿ ಆಡಬಾರದು. ಸುಖವಾಗಿ ಹೋಗಿ ಬಾ ಮಗ.”

ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡ ತೊಮಾಸಾ ಅಮ್ಮನ ಜೊತೆ ಮಾತು ಬಿಟ್ಟಳು. ಭಾನುವಾರ ಏಳು ಗಂಟೆಯ ಬಸ್ಸು ಹೋಯಿತು. ಅವಳು ಕಿಟಕಿಗೂ ಬರಲಿಲ್ಲ. ಬಂದರೆ ಕಾಲು ನಿಲ್ಲುವುದಿಲ್ಲವೆಂಬ ಭಯ. ಅಮ್ಮ ಶಾಲು ಹೊದ್ದು ಎಲ್ಲಿಗೋ ಹೋಗಿ ಬಂದದ್ದನ್ನೂ ಅವಳು ಕೇಳಲಿಲ್ಲ.

ಸೋಮವಾರ ಮೂರು ಗಂಟೆಗೆ ಟವೆಲ್ ಹಾಸಿ ಕಾಳು ಸುರಿದುಕೊಂಡಳು. ಬೇಡ ಬೇಡವೆಂದರೂ ಕೈ ಕೇಳಬೇಕಲ್ಲ. ಏಳು. ಎಂಟು. ಒಂಬತ್ತು. ಗೋಡೆ ಸುಮ್ಮನಿತ್ತು. ಕಣ್ಣು ತುಂಬಿ ಮುಂದಿನ ಕಾಳು ಕಾಣಿಸಲಿಲ್ಲ.

ನಡುಮನೆಯ ಕುರ್ಚಿಯ ಮರದ ತೋಳಿನ ಮೇಲೆ ಉಂಗುರವೊಂದು ಬಡಿಯಿತು. ಒಂದೇ ಪೆಟ್ಟು, ತಾಳಕ್ಕೆ ಸರಿಯಾಗಿ.

ತೊಮಾಸಾ ಬಾಗಿಲಿಗೆ ಬಂದಳು. ಅಮ್ಮ ಕಣ್ಣು ತೆರೆದಿರಲಿಲ್ಲ, ಮದುವೆಯ ಉಂಗುರದ ಬೆರಳು ಇನ್ನೂ ಮರದ ಮೇಲೆಯೇ ಇತ್ತು.

“ನಿಮ್ಮಪ್ಪನೂ ಹೀಗೇ ಒಂಬತ್ತಕ್ಕೆ ನಿಲ್ಸಿ ನನ್ನ ಮುಖ ನೋಡೋರು,” ಎಂದಳು ಪೆಪಾ. “ಇಷ್ಟು ದಿನ ನಂಗೆ ಕಿವಿ ಕೇಳ್ಸಲ್ಲ ಅಂದ್ಕೊಂಡಿದ್ಯಾ?”

ತೊಮಾಸಾ ಬಂದು ಅಮ್ಮನ ಕಾಲ ಬಳಿ ಕೂತಳು.

“ಹೊಸ್ತಿಲಲ್ಲಿ ಆಡಬಾರದ ಮಾತು ಅದು, ಅದಕ್ಕೆ ನಿನ್ನೆ ನಾನೇ ಅವನ ಅಜ್ಜಿ ಮನೆಗೆ ಹೋಗಿದ್ದೆ. ಜೂನ್ ಹದಿನಾಲ್ಕಕ್ಕೆ ವರ್ಷ ತುಂಬುತ್ತೆ. ಹದಿನೈದಕ್ಕೆ ನಮ್ಮನೆ ಬಾಗಿಲು ತೆರೆದಿರುತ್ತೆ, ಹಿರಿಯರನ್ನ ಕರ್ಕೊಂಡು ಬನ್ನಿ ಅಂದೆ. ಮುದುಕಿ ಅಲ್ಲೇ ಫೋನ್ ಹಚ್ಚಿದ್ಲು. ಹುಡುಗ ಇನ್ನೂ ವಿಮಾನ ಹತ್ತಿರಲಿಲ್ಲ. ತಂಡದೋರು ಜೂನಿಗೆ ರಜೆ ಕೊಡದಿದ್ರೆ ಹತ್ತೋದೇ ಇಲ್ಲ ಅಂತ ಅಲ್ಲೇ ಹಟ ಹಿಡಿದು ಕೂತನಂತೆ. ಕೊಟ್ಟರಂತೆ.”

ತೊಮಾಸಾ ಅಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತಳು. ಪೆಪಾ ಸ್ವಲ್ಪ ಹೊತ್ತು ಅವಳ ತಲೆ ಸವರಿ, ಆಮೇಲೆ ಮೆಲ್ಲಗೆ ದೂಡಿದಳು.

“ಏಳು, ಕಾಳು ಹಾಗೇ ಬಿದ್ದಿದೆ. ಟವೆಲ್ ತೆಗೀಬೇಡ, ಇನ್ನೂ ನಾಲ್ಕು ತಿಂಗಳಿದೆ.”

ಅವಳು ಕಣ್ಣೊರೆಸಿಕೊಂಡು ಮೇಜಿಗೆ ಹೋಗಿ ಕೂತಳು. ಟವೆಲ್ ನೆಟ್ಟಗೆ ಮಾಡಿ, ಒಂದರಿಂದ ಶುರು ಮಾಡಿದಳು.